ಮೊದಲ ಪಂಕ್ತಿಯ ಹೇಳಿಕೆ

ಸುಗಂಧಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ಅಡುಗೆಮನೆಯ ಪಾತ್ರೆಗಳಿಗೆ. ಆ ಬೆಳಿಗ್ಗೆ ಬಂಗಾಳದ ಗರಿಯಾಹಾಟಿನ ಮನೆಯಲ್ಲಿ ಮೊದಲು ಸೌಟು ಬಿತ್ತು, ಆಮೇಲೆ ಬೋಗುಣಿ, ಅದರ ಬೆನ್ನಿಗೇ ಇಡ್ಲಿ ಪಾತ್ರೆಯ ಮುಚ್ಚಳ. ಹೊರಗೆ ಕೂತಿದ್ದ ಗಂಡ ರತ್ನಾಕರ, ಮುಚ್ಚಳ ಸುತ್ತು ಹೊಡೆದು ಸುಮ್ಮನಾಗುವವರೆಗೆ ಕಾದು, ಪೇಪರನ್ನು ಇನ್ನಷ್ಟು ಎತ್ತಿ ಮುಖ ಮುಚ್ಚಿಕೊಂಡರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದ ಮನುಷ್ಯ. ಯೂನಿಯನ್ನಿನವರ ಘೋಷಣೆಗೆಲ್ಲ ನಗುತ್ತಲೇ ಉತ್ತರ ಕೊಟ್ಟವರು. ಹೆಂಡತಿಯ ಮುಚ್ಚಳಕ್ಕೆ ಮಾತ್ರ ಪೇಪರೇ ಅವರ ಗುರಾಣಿ.

“ಇದನ್ನು ಬರೆದದ್ದು ಯಾರು?” ಸುಗಂಧಿ ಬಂದವಳೇ ಮೊಬೈಲನ್ನು ಪೇಪರಿನ ಮೇಲೆಯೇ ಹಿಡಿದಳು.

ಗ್ರೂಪಿನಲ್ಲಿ ಬಂದ ಸಂದೇಶ ಹೀಗಿತ್ತು: ‘ಪಡುಗಡಲು ಬಳಗದ ಚೌತಿ ಊಟಕ್ಕೆ ಸರ್ವರಿಗೂ ಆದರದ ಸ್ವಾಗತ. ವಿಶೇಷ ಮಕ್ಕಳಿರುವ ಕುಟುಂಬದವರು, ಗಡಿಬಿಡಿಯೆಲ್ಲ ಮುಗಿದ ಮೇಲೆ, ಕೊನೆಯ ಪಂಕ್ತಿಯಲ್ಲಿ ನಿರಾಳವಾಗಿ ಊಟ ಮಾಡಬೇಕಾಗಿ ವಿನಂತಿ.’

“ಸಮಿತಿ” ಎಂದರು ರತ್ನಾಕರ, ಪೇಪರಿನ ಹಿಂದಿನಿಂದಲೇ.

“ಸಮಿತಿಗೆ ಕೈ ಉಂಟಾ ಬರೀಲಿಕ್ಕೆ? ಈ ‘ನಿರಾಳವಾಗಿ’ ಯಾರದ್ದು ಅಂತ ನಂಗೆ ಗೊತ್ತಾಗುದಿಲ್ಲ ಅಂತ ಮಾಡಿದ್ರಾ? ನಂಗೆ ಹೆರಿಗೆ ನೋವು ಬಂದಾಗಲೂ ನೀವು ಇದನ್ನೇ ಹೇಳಿದ್ದು, ನಿರಾಳವಾಗಿರು ಅಂತ.”

ರತ್ನಾಕರ ಪೇಪರು ಮಡಚಿದರು. ಪಡುಗಡಲು ಬಳಗ ಎಂದರೆ ಈ ಊರಿನ ಕರಾವಳಿ ಕನ್ನಡಿಗರ ಸಂಘ; ಅದರ ಪತ್ರ, ಆಮಂತ್ರಣ, ಶ್ರದ್ಧಾಂಜಲಿ ಎಲ್ಲವೂ ಅವರ ಕೈಯಿಂದಲೇ ಆಗಬೇಕು. ಒಳ್ಳೆಯ ಕನ್ನಡ ಬರೆಯುವವರು ಎಂದು ಹೆಸರು. “ನಮ್ಮ ಅಧ್ಯಕ್ಷ ಲಕ್ಷ್ಮೀನಾರಾಯಣರು ಹೇಳಿದ್ದನ್ನು ಹಾಗೇ ಬರೆದಿದ್ರೆ ನೀನು ನನ್ನನ್ನು ಮನೆಗೇ ಸೇರಿಸ್ತಿರ್ಲಿಲ್ಲ ಮಾರಾಯ್ತಿ. ನಾನು ಸ್ವಲ್ಪ ಮೆತ್ತಗೆ ಮಾಡಿದೆ, ಅಷ್ಟೆ.”

“ಅವರು ಎಂತ ಹೇಳಿದ್ದು?”

“ಯುಗಾದಿಯ ದಿನದ ಆ ಹುಡುಗನನ್ನು ಈ ಸಲ ಕರ್ಕೊಂಡು ಬರುದೇ ಬೇಡ ಅಂತ.” ಅವರು ಕನ್ನಡಕ ತೆಗೆದು ಒರೆಸಿದರು. “ಮತ್ತೆ, ಚೌತಿ ಊಟ ಆದ ಮೇಲೆ ಸಮಿತಿ ಕೂತು ಶನಿವಾರದ್ದನ್ನೂ ನಿಲ್ಲಿಸುದಂತೆ. ಹಾಲಿಗೆ ಬೀಗ ಹಾಕುದಂತೆ.”

“ಆಗ ನೀವು ಎಂತ ಹೇಳಿದ್ರಿ?”

“ನಾನು ಎಂತ ಹೇಳ್ಲಿಕ್ಕೆ ಉಂಟು? ಸುಮ್ಮನೆ ಕೂತಿದ್ದೆ.”

“ನಿರಾಳವಾಗಿ ಕೂತಿದ್ರಿ ಅಂತ ಹೇಳಿ” ಎಂದು ಸುಗಂಧಿ ಒಳಗೆ ಹೋದಳು. ಈ ಸಲ ಯಾವ ಪಾತ್ರೆಯೂ ಬೀಳಲಿಲ್ಲ. ರತ್ನಾಕರರಿಗೆ ಹೆದರಿಕೆಯಾದದ್ದು ಆಗಲೇ.

ಶನಿವಾರದ್ದು ಎಂದರೆ ಏನೆಂದು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅದು ಶುರುವಾದದ್ದು ಲೇಕ್ ಮಾರ್ಕೆಟ್ಟಿನ ಬೀದಿಯಲ್ಲಿ, ಎರಡು ವರ್ಷದ ಹಿಂದೆ. ಸುಗಂಧಿ ತೆಂಗಿನಕಾಯಿ ಕೊಂಡು ಬರುತ್ತಿದ್ದಳು. ಕಾಫಿಪುಡಿ ಅಂಗಡಿಯ ಎದುರು ಜನ ಗುಂಪುಗೂಡಿದ್ದರು. ನಡುವೆ ಪುಟ್ಟ ಹುಡುಗನೊಬ್ಬ ನೆಲದ ಮೇಲೆ ಬಿದ್ದು, ಎರಡೂ ಕಿವಿ ಮುಚ್ಚಿಕೊಂಡು, ಒಂದೇ ಸಮನೆ ಕಿರುಚುತ್ತಿದ್ದ. ಎರಡು ಬಾರಿಸಿದರೆ ಸರಿಯಾಗುತ್ತಾನೆ ಎಂದು ಒಬ್ಬ ಹೇಳಿದರೆ, ಇನ್ನೊಬ್ಬ ತಾಯಿ ಸರಿಯಿಲ್ಲ ಎಂದ. ಮತ್ತೊಬ್ಬನಂತೂ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ಜೀನ್ಸು ತೊಟ್ಟ ಹುಡುಗಿಯೊಬ್ಬಳು ಆ ಮಗುವಿನ ಮೇಲೆ ಬಾಗಿ “ಏಳೋ ಪುಟ್ಟಾ, ಪ್ಲೀಸ್ ಏಳೋ ಕಂದಾ” ಎಂದು ಅಳುತ್ತಿದ್ದಳು.

ಕನ್ನಡ ಕಿವಿಗೆ ಬಿದ್ದದ್ದೇ ಸುಗಂಧಿ ಚೀಲ ಕೆಳಗಿಟ್ಟಳು. “ಶೊರುನ್, ಶೊರುನ್!” ಎಂದು ಬಂಗಾಳಿಯಲ್ಲಿ ಗದರಿಸಿ ಜನರನ್ನು ಹಿಂದೆ ಸರಿಸಿ, ಗಂಜಿ ಹಾಕಿ ಇಸ್ತ್ರಿ ಮಾಡಿದ ತಾಂತ್ ಹತ್ತಿ ಸೀರೆಯಲ್ಲೇ ಆ ಕೆಸರು ನೆಲದ ಮೇಲೆ ಹುಡುಗನ ಪಕ್ಕ ಕೂತುಬಿಟ್ಟಳು. ಮುಟ್ಟಲಿಲ್ಲ, ಮಾತಾಡಿಸಲಿಲ್ಲ. ವಿಡಿಯೋ ತೆಗೆಯುವವನನ್ನು ಮಾತ್ರ ದುರುಗುಟ್ಟಿ ನೋಡುತ್ತಿದ್ದಳು. ಜನ ಕರಗಿದ ಮೇಲೆ ಹುಡುಗನೂ ನಿಧಾನವಾಗಿ ತಣ್ಣಗಾದ.

“ಹೆಸರೆಂತ?” ಎಂದು ಕೇಳಿದಳು ಆಮೇಲೆ.

“ಧ್ರುವ, ಆಂಟಿ.”

“ಅವನದ್ದಲ್ಲ ಮಾರಾಯ್ತಿ, ನಿನ್ನದು.”

ಆ ಹುಡುಗಿ ತಬ್ಬಿಬ್ಬಾಗಿ ನೋಡಿದಳು. ಎಷ್ಟೋ ತಿಂಗಳಿಂದ ಅವಳ ಹೆಸರನ್ನು ಯಾರೂ ಕೇಳಿರಲಿಲ್ಲವಂತೆ; ಡಾಕ್ಟರ ಬಳಿ, ಶಾಲೆಯ ಗೇಟಿನಲ್ಲಿ, ಲಿಫ್ಟಿನಲ್ಲಿ ಅವಳು ಬರೀ ‘ಆ ಹುಡುಗನ ಅಮ್ಮ’. ಹೆಸರು ನವ್ಯಾ. ಬೆಂಗಳೂರಿನವಳು, ಸೆಕ್ಟರ್ ಫೈವಿನ ಐಟಿ ಕಂಪನಿಯೊಂದರಲ್ಲಿ ಕೆಲಸ. ಗಂಡ ಅಕ್ಷಯನೂ ಅಲ್ಲೇ ಇನ್ನೊಂದು ಕಂಪನಿಯಲ್ಲಿ. ಮಗನಿಗೆ ಆಟಿಸಂ ಎಂದು ಡಾಕ್ಟರು ಹೇಳಿ, ಒಂದಷ್ಟು ಫೋನ್ ನಂಬರು ಕೊಟ್ಟು ಕಳಿಸಿದ್ದರು. ನವ್ಯಾ ಒಂದಕ್ಕೂ ಫೋನ್ ಮಾಡಿರಲಿಲ್ಲ. ಮಾಡಿದರೆ ಏನೆಂದು ಹೇಳುವುದು, ಯಾವ ಭಾಷೆಯಲ್ಲಿ ಹೇಳುವುದು?

ನಂಬರು ಕೊಟ್ಟು ಕೈ ತೊಳೆದುಕೊಳ್ಳುವುದೆಂದರೆ ಸುಗಂಧಿಗೆ ಮೈಯೆಲ್ಲ ಉರಿಯುತ್ತದೆ. ಅವಳಿಗೆ ಆಟಿಸಂ ಎಂದರೆ ಏನೆಂದು ಆಗ ಗೊತ್ತಿರಲಿಲ್ಲ. ಆದರೆ ಮದುವೆಯಾಗಿ ಕುಂದಾಪುರದಿಂದ ಬಂದಾಗಿನಿಂದ ಈ ಊರಿನಲ್ಲಿ ಕೇಳಿ ಕೇಳಿಯೇ ಬದುಕಿದವಳು; ಯಾರನ್ನು ಕೇಳಬೇಕೆಂದು ಗೊತ್ತಿತ್ತು. ಗರಿಯಾಹಾಟಿನ ಸೀರೆ ಅಂಗಡಿಯವನ ತಂಗಿ ಇಂಥ ಮಕ್ಕಳಿಗೆ ಕಲಿಸುವವಳು ಎಂದು ಗೊತ್ತಾಯಿತು, ಹೆಸರು ಪಾರಮಿತಾ. ಅವಳ ಬಳಿಗೆ ನವ್ಯಾಳನ್ನು ಸುಗಂಧಿಯೇ ಕರೆದುಕೊಂಡು ಹೋದಳು. ಸರ್ಕಾರಿ ಆಸ್ಪತ್ರೆಯಲ್ಲಿ ಅಂಗವೈಕಲ್ಯದ ಸರ್ಟಿಫಿಕೇಟಿಗೆ ದಿನವಿಡೀ ಕ್ಯೂ ನಿಲ್ಲಬೇಕೆಂದರೆ, ಡಬ್ಬಿಯಲ್ಲಿ ಚಿತ್ರಾನ್ನ ಹಾಕಿಕೊಂಡು ಅವಳೂ ನಿಂತಳು. ಮುಂದಿನ ಸಲ ಬಳಗದ ಅರವಿಂದನಿಗೆ, ಗಾಲಿಕುರ್ಚಿಯಲ್ಲಿರುವ ಮಗಳು ಖುಷಿಗಾಗಿ, ಅದೇ ಸರ್ಟಿಫಿಕೇಟು ಬೇಕಾದಾಗ, ಸುಗಂಧಿ ತಾನು ಹೋಗಲಿಲ್ಲ, ನವ್ಯಾಳನ್ನು ಕಳಿಸಿದಳು. ವಸಂತಾ ಎಂಬುವಳಿಗೆ ಮನೋಜನೆಂಬ ದೊಡ್ಡ ಮಗ. ಡೌನ್ಸ್ ಸಿಂಡ್ರೋಮ್ ಇರುವವನು. ಅವನಿಗೆ ಕೆಲಸ ಕಲಿಸುವ ಜಾಗ ಹುಡುಕಲು ಅರವಿಂದ ಹೋದ. ಗೊತ್ತಿರುವವರು ಗೊತ್ತಿಲ್ಲದವರ ಜೊತೆ ಖುದ್ದಾಗಿ ಹೋಗಬೇಕು, ಇದೊಂದೇ ಕಟ್ಟಳೆ. ಹೀಗೆ ಕುಟುಂಬಗಳು ಕೂಡಿಕೊಂಡು, ಅದೇ ಲೇಕ್ ಮಾರ್ಕೆಟ್ ಬೀದಿಯ ಬಳಗದ ಹಾಲಿನಲ್ಲಿ ಶನಿವಾರ ಮಧ್ಯಾಹ್ನ ಸೇರುವ ರೂಢಿಯಾಯಿತು. ಒಂದು ಕಡೆ ಪಾರಮಿತಾ ಮಕ್ಕಳ ಜೊತೆ ಆಡುತ್ತಾಳೆ. ಇನ್ನೊಂದು ಕಡೆ ದೊಡ್ಡವರು ಚಹಾ ಕುಡಿಯುತ್ತಾ ಯಾವ ಶಾಲೆ ಸೇರಿಸಿಕೊಳ್ಳುತ್ತದೆ, ಯಾವ ಆಯಾ ಒಳ್ಳೆಯವಳು ಎಂದು ಮಾತಾಡುತ್ತಾರೆ. ಬೋರ್ಡಿಲ್ಲ, ಬ್ಯಾನರಿಲ್ಲ, ಉದ್ಘಾಟನೆಯಂತೂ ಇಲ್ಲವೇ ಇಲ್ಲ. ಅಧ್ಯಕ್ಷ ಲಕ್ಷ್ಮೀನಾರಾಯಣರಿಗೆ ಅದೇ ಸೇರುತ್ತಿರಲಿಲ್ಲವೋ ಏನೋ, ದೇವರಿಗೇ ಗೊತ್ತು.

ಅವರಿಗೆ ನೆಪ ಸಿಕ್ಕಿದ್ದು ಯುಗಾದಿಯ ದಿನ. ಅಂದು ಬಂದ ಅತಿಥಿಗಳು ಮೈಕಿನಲ್ಲಿ ರಾಗ ಎಳೆದು ಭಾಷಣ ಮಾಡುವವರು. ಧ್ರುವನಿಗೆ ಸ್ವಂತ ಮಾತು ಕಡಿಮೆ, ಆದರೆ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆಯೇ ತಿರುಗಿ ಹೇಳುತ್ತಾನೆ. ಅತಿಥಿಗಳು “ಮಾನ್ಯರೇ, ಮಹಿಳೆಯರೇ…” ಎಂದರೆ ಹಿಂದಿನ ಸಾಲಿನಿಂದ ಅದೇ ರಾಗದಲ್ಲಿ “ಮಾನ್ಯರೇ, ಮಹಿಳೆಯರೇ…” ಎಂದು ಬಂತು. ಅವರು “ನಾನು ಹೆಚ್ಚು ಮಾತಾಡುವುದಿಲ್ಲ” ಎಂದರೆ ಇವನೂ ಹೆಚ್ಚು ಮಾತಾಡುವುದಿಲ್ಲ ಎಂದ. ಸಭೆಗೆ ಸಭೆಯೇ ನಕ್ಕಿತು. ಅತಿಥಿಗಳ ಮುಖ ಬೀಟ್‌ರೂಟಿನ ಹಾಗೆ ಕೆಂಪಾಯಿತು. ನವ್ಯಾ ಮಗನನ್ನು ಎತ್ತಿಕೊಂಡು ಹೊರಗೆ ಓಡಿದಳು.

ಚೌತಿಯ ಸಂದೇಶ ಬಂದ ಆ ಬೆಳಿಗ್ಗೆಯೇ ನವ್ಯಾಳ ಫೋನೂ ಬಂತು.

“ಆಂಟಿ, ಮೆಸೇಜ್ ನೋಡಿದೆ. ನಾವು ಬರಲ್ಲ.”

“ಹಾಗೆಲ್ಲ ಹೇಳ್ಬೇಡ, ನಾನು ಮಾತಾಡ್ತೇನೆ…”

“ಬೇಡ ಆಂಟಿ, ನನಗೋಸ್ಕರ ನೀವು ಯಾರ ಹತ್ರಾನೂ ಜಗಳ ಆಡ್ಬೇಡಿ. ಮೀಟಿಂಗ್ ಮಾಡಿ ಹಾಲಿಗೆ ಬೀಗ ಹಾಕೋ ಮಾತು ನನ್ನ ಕಿವಿಗೂ ಬಿತ್ತು. ಶನಿವಾರಾನೂ ಬರಲ್ಲ ಇನ್ಮೇಲೆ. ನಮ್ಮಿಂದ ಉಳಿದೋರಿಗೂ ಹಾಲ್ ಹೋಗ್ಬಿಡತ್ತೆ.” ಧ್ವನಿ ಒಡೆಯಿತು. “ಮನೆಯಲ್ಲೇ ಇದ್ಬಿಡ್ತೀವಿ. ಮುಂಚೆ ಹಂಗೇ ಇದ್ವಲ್ಲ, ಅಭ್ಯಾಸ ಇದೆ.”

ಅಭ್ಯಾಸ ಇದೆಯಂತೆ! ಆ ಅಭ್ಯಾಸ ಎಂಥದ್ದೆಂದು ಸುಗಂಧಿ ಕಣ್ಣಾರೆ ಕಂಡಿದ್ದಳು. ಮೊದಲ ಸಲ ಅವರ ಮನೆಗೆ ಹೋದಾಗ ಕಿಟಕಿಗಳಿಗೆಲ್ಲ ದಪ್ಪ ಪರದೆ. ಮಗನ ಕೂಗು ಅಕ್ಕಪಕ್ಕದವರಿಗೆ ಕೇಳಬಾರದೆಂದು ಟಿವಿ ಜೋರಾಗಿ ಹಾಕಿಟ್ಟಿದ್ದಳು. ಬಾಗಿಲು ಬಡಿದರೆ ತಾಯಿ ಮಗ ಇಬ್ಬರೂ ಬೆಚ್ಚುತ್ತಿದ್ದರು. ಆ ಪರದೆಗಳನ್ನು ಸರಿಸಲು ಎಷ್ಟು ಶನಿವಾರಗಳು ಬೇಕಾದವು! ಈಗ ಒಂದು ಮೆಸೇಜು ಬಂದದ್ದೇ ಮತ್ತೆ ಎಳೆದುಕೊಳ್ಳುತ್ತಾಳಂತೆ. ಸುಗಂಧಿ ಫೋನಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರ ಹಾಲಿಗೆ ಹೊರಟಳು.

ಲಕ್ಷ್ಮೀನಾರಾಯಣರು ಅಲ್ಲಿ ಗಣಪತಿ ಮಂಟಪಕ್ಕೆ ಹೂವಿನ ಅಳತೆ ಕೊಡುತ್ತಿದ್ದರು. ಬ್ಯಾಂಕಿನ ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಬೆಳ್ಳನೆಯ ಪಂಚೆ, ಹಣೆಯಲ್ಲಿ ಗಂಧ. ಜೀವಮಾನದಲ್ಲಿ ಯಾರಿಗೂ ಏರಿದ ಧ್ವನಿಯಲ್ಲಿ ಮಾತಾಡಿದವರಲ್ಲ. ಅದೇ ಕಷ್ಟ. ಬೈಯುವವರಿಗಾದರೆ ತಿರುಗಿ ಬೈಯಬಹುದು.

“ಬನ್ನಿ ಸುಗಂಧಿಯಕ್ಕ, ಬನ್ನಿ. ಊಟಕ್ಕೆ ನಿಮ್ಮ ಹಯಗ್ರೀವದ ಸಿಹಿ ಈ ಸಲವೂ ಉಂಟಲ್ಲ?”

“ಹಯಗ್ರೀವ ಉಂಟು. ಕೊನೆ ಪಂಕ್ತಿ ಇಲ್ಲ.”

ಅವರು ನಕ್ಕರು. “ಓ, ಅದಾ? ತಪ್ಪು ತಿಳ್ಕೊಳ್ಬೇಡಿ. ಆ ಮಕ್ಕಳಿಗೆ ಗಲಾಟೆ ಆಗುದಿಲ್ಲ, ಪಾಪ, ಅದಕ್ಕೇ ಹೇಳಿದ್ದು. ಮತ್ತೆ, ನಮ್ಮ ಕಡೆ ಕೊನೆ ಪಂಕ್ತಿ ಅಂದ್ರೆ ಎಂತ? ಮನೆಯವರ ಪಂಕ್ತಿ. ನೆಂಟರೆಲ್ಲ ಉಂಡ ಮೇಲೆ ಮನೆಯವರು ಕೂರುದು. ಅವರನ್ನು ನಾವು ಮನೆಯವರು ಅಂತಲೇ ತಿಳ್ಕೊಂಡದ್ದು.”

ಎಷ್ಟು ಚಂದದ ಮಾತು! ಒಂದು ಗಳಿಗೆ ಸುಗಂಧಿಗೂ ಹೌದಲ್ಲ ಎನ್ನಿಸಿಬಿಟ್ಟಿತು. ಮರುಗಳಿಗೆ ರಕ್ತ ತಲೆಗೇರಿತು.

“ಹಾಗಾದ್ರೆ ನೀವೂ ಆ ಪಂಕ್ತಿಗೇ ಕೂತ್ಕೊಳ್ಳಿ ಅಧ್ಯಕ್ಷರೇ. ಈ ಮನೆಗೆ ಯಜಮಾನರು ನೀವೇ ಅಲ್ವಾ?”

“ನನಗೆ ಅತಿಥಿಗಳ ಜೊತೆ ಕೂರ್ಬೇಕಾಗ್ತದಲ್ಲ…”

“ಹಾಂ, ಅಲ್ಲಿಗೆ ಬಂತು ನೋಡಿ. ಮನೆಯವರು ಅಂತ ಹೇಳುದು, ಮನೆಯ ಹಿಂಬದಿ ತೋರಿಸುದು.”

ಲಕ್ಷ್ಮೀನಾರಾಯಣರ ನಗು ಸ್ವಲ್ಪ ಮಾಸಿತು. “ನೋಡಿ, ದೇಣಿಗೆ ಕೊಡುವವರು ಮಾತಾಡ್ತಾರೆ. ಇದು ಸಂಸ್ಕೃತಿ ಉಳಿಸುವ ಸಂಘ, ಆಸ್ಪತ್ರೆ ಅಲ್ಲ. ಬೇಕಾದವರಿಗೆ ಸಹಾಯ ಮಾಡುವ, ಯಾರು ಬೇಡ ಅಂದದ್ದು? ಆದ್ರೆ ಮರ್ಯಾದೆಯಿಂದ, ಯಾರಿಗೂ ಗೊತ್ತಾಗದ ಹಾಗೆ.”

“ಯಾರಿಗೂ ಗೊತ್ತಾಗದ ಹಾಗೆ ಇದ್ದದ್ದಕ್ಕೇ ಆ ಹುಡುಗಿ ರಸ್ತೆ ಮಧ್ಯೆ ಕೂತು ಅಳುವ ಹಾಗಾಯ್ತು” ಎಂದು ಸುಗಂಧಿ ಚಪ್ಪಲಿ ಮೆಟ್ಟಿದಳು. ಹೊರಗೆ ಬಂದು ಸರಸರನೆ ಮನೆಯ ದಾರಿ ಹಿಡಿದಳು. ಸಿಟ್ಟೂ ಹೌದು, ಭಯವೂ ಹೌದು. ಸಮಿತಿ ಕೂತು ಬೀಗ ಹಾಕಿದರೆ ಅವಳೊಬ್ಬಳ ನಾಲಿಗೆಯಿಂದ ತೆಗೆಯಲಾದೀತೇ?

ಮನೆಗೆ ಬಂದವಳು ದೇವರ ಕೋಣೆಯಿಂದ ಕುಂಕುಮದ ಭರಣಿ ತೆಗೆದಳು. ಅಕ್ಕಿಗೆ ಅರಿಸಿನ ಕಲಸಿ ಅಕ್ಷತೆ ಮಾಡಿ ಬಟ್ಟಲಿಗೆ ಹಾಕಿದಳು. ಪೆಟ್ಟಿಗೆಯಿಂದ ರೇಷ್ಮೆ ಸೀರೆ ಹೊರಬಂತು. ರತ್ನಾಕರ ಬಾಯಿ ಬಿಟ್ಟು ನೋಡಿದರು. “ಇದೆಂತ, ಯಾರ ಮದುವೆ?”

“ಹೇಳಿಕೆಗೆ ಹೋಗ್ಲಿಕ್ಕುಂಟು. ನೀವೂ ಪಂಚೆ ಉಡಿ.”

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಮದುವೆಯಿರಲಿ, ಪೂಜೆಯಿರಲಿ, ಕಾಗದ ಬಂದರೆ ಅದು ಸುದ್ದಿ. ಗಂಡ ಹೆಂಡತಿ ಮನೆ ಬಾಗಿಲಿಗೆ ಬಂದು, ಅಕ್ಷತೆ ಕೊಟ್ಟು, ಬಾಯಿಬಿಟ್ಟು ಕರೆದರೆ ಅದು ಹೇಳಿಕೆ. ಹೇಳಿಕೆಯಿಲ್ಲದ ಮನೆಗೆ ಅವರು ಕಾಲಿಡುವುದಿಲ್ಲ, ಹೇಳಿಕೆಯಾದ ಮೇಲೆ ತಪ್ಪಿಸುವುದೂ ಇಲ್ಲ.

“ನಾನು ಸಮಿತಿಯವ ಮಾರಾಯ್ತಿ! ನಾನೇ ಮೆಸೇಜು ಬರೆದು, ನಾನೇ ಹೋಗಿ…”

“ಅದಕ್ಕೇ. ಬರೆದ ಕೈಯಲ್ಲೇ ಅಕ್ಷತೆ ಹಿಡೀರಿ.”

ಅರವಿಂದ, ವಸಂತಾರ ಮನೆಗಳಿಗೆ ಹೇಳಿಕೆ ಮುಗಿಸಿ, ನವ್ಯಾಳ ಮನೆಗೆ ಕೊನೆಯದಾಗಿ ಹೋದರು. ಸಾಲ್ಟ್ ಲೇಕಿನ ಬಸ್ಸಿನಲ್ಲಿ ರೇಷ್ಮೆ ಸೀರೆ, ಜರಿಪಂಚೆ ಕಂಡು ಕಂಡಕ್ಟರು ಎದ್ದು ನಿಂತವರನ್ನು ಸರಿಸಿ ಜಾಗ ಮಾಡಿಕೊಟ್ಟ. ಬಾಗಿಲು ತೆಗೆದ ನವ್ಯಾ ಇವರ ಅವತಾರ ನೋಡಿ ಅವಾಕ್ಕಾದಳು. ಪರದೆ ಆಗಲೇ ಎಳೆದಿತ್ತು. ಸೋಫಾದ ಮೇಲೆ ಧ್ರುವ ಕಾಲು ಮಡಚಿ ಕೂತು ತನ್ನಷ್ಟಕ್ಕೆ ತೂಗುತ್ತಿದ್ದ.

ಸುಗಂಧಿ ನವ್ಯಾಳ ಹಣೆಗೆ ಕುಂಕುಮವಿಟ್ಟು ಗಂಡನತ್ತ ನೋಡಿದಳು. ರತ್ನಾಕರ ಅಕ್ಷತೆಯ ಬಟ್ಟಲು ಮುಂದೆ ಹಿಡಿದರು. “ನಾಡಿದ್ದು ಚೌತಿ ಊಟ. ಮೊದಲ ಪಂಕ್ತಿಗೆ… ಮೂವರೂ ಬರಬೇಕು ಮಗಾ. ನೀವು ಬಾರದೆ ನಾವು ಉಣ್ಣುದಿಲ್ಲ” ಎಂದರು. ಕೊನೆಯ ಮಾತನ್ನು ಸುಗಂಧಿ ಹೇಳಿಕೊಟ್ಟಿರಲಿಲ್ಲ.

“ಅಂಕಲ್, ಅವನು ಮತ್ತೆ ಕಿರುಚಿದ್ರೆ?” ಎಂದಳು ನವ್ಯಾ, ಕಣ್ಣು ತುಂಬಿಕೊಂಡು. “ಎಲ್ಲಾರೂ ನೋಡ್ತಾರೆ. ಆ ನೋಟ ನನ್ನ ಕೈಲಿ ಆಗಲ್ಲ.”

“ನೋಡ್ಲಿ” ಎಂದಳು ಸುಗಂಧಿ. “ನಿನ್ನ ಮಗ ನೋಡ್ಲಿಕ್ಕೆ ಚಂದವೇ ಇದ್ದಾನೆ. ನೀನು ತಲೆ ಬಗ್ಗಿಸಿದ್ರೆ ಮಾತ್ರ ನಾನು ನಿನ್ನ ಹತ್ತಿರ ಮಾತು ಬಿಡ್ತೇನೆ ನೋಡು.”

ನವ್ಯಾ ಅಕ್ಷತೆಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಚೌತಿಯ ದಿನ ಸುಗಂಧಿ ಎಲ್ಲರಿಗಿಂತ ಮೊದಲು ಹಾಲಿಗೆ ಹೋದಳು. ಪೂಜೆ, ಮಂಗಳಾರತಿ ಎಲ್ಲ ಸಾಂಗವಾಗಿ ಆಯಿತು. ಈ ಸಲದ ಅತಿಥಿಗಳ ಕಾರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆಯೆಂದು ಲಕ್ಷ್ಮೀನಾರಾಯಣರೂ ಸಮಿತಿಯವರೂ ಗೇಟಿನ ಬಳಿ ಕಾಯುತ್ತಿದ್ದರು. ಅಷ್ಟು ಹೊತ್ತಿಗೆ ಸುಗಂಧಿ ಮಂಟಪದ ಎದುರಿನ ಸಾಲಿಗೆ ತಾನೇ ಬಾಳೆಎಲೆ ಹಾಕಿದಳು. ಗಾಲಿಕುರ್ಚಿಗೆ ಸರಿಯಾಗಿ ಒಂದು ಮೇಜು ತಂದಿಟ್ಟು ಅದರ ಮೇಲೂ ಎಲೆ ಹಾಸಿದಳು. ಅರವಿಂದ, ಖುಷಿ, ವಸಂತಾ, ಮನೋಜ ಬಂದು ಕೂತರು. ಆಮೇಲೆ ಅಕ್ಷಯ ಬಂದ. ಅವನ ಹಿಂದೆ ಧ್ರುವನ ಕೈ ಹಿಡಿದುಕೊಂಡು ನವ್ಯಾ. ತಲೆ ಬಗ್ಗಿಸಿರಲಿಲ್ಲ, ಆದರೆ ತುಟಿ ಕಚ್ಚಿಕೊಂಡಿದ್ದಳು. ಸುಗಂಧಿ ಉಪ್ಪಿನ ಬಟ್ಟಲು ತೆಗೆದುಕೊಂಡು ಎಲೆ ಎಲೆಗೆ ಬಡಿಸುತ್ತಾ ಹೋದಳು. ಉಪ್ಪಿನಕಾಯಿ ಬಂತು, ಕೋಸಂಬರಿ ಬಂತು. ಆಮೇಲೆ ಅವಳೂ ನವ್ಯಾಳ ಪಕ್ಕ ಎಲೆಯ ಮುಂದೆ ಕೂತಳು.

ಅತಿಥಿಗಳನ್ನು ಕರೆದುಕೊಂಡು ಒಳಗೆ ಬಂದ ಲಕ್ಷ್ಮೀನಾರಾಯಣರು ಹೊಸ್ತಿಲಲ್ಲೇ ನಿಂತರು. ಸಾವರಿಸಿಕೊಂಡು ಬಂದು, ಬಗ್ಗಿ, ಮೆಲ್ಲಗೆ ಹೇಳಿದರು. “ಸುಗಂಧಿಯಕ್ಕ, ಇದು ಸರಿಯಲ್ಲ. ಇವರನ್ನೆಲ್ಲ ಸ್ವಲ್ಪ ಏಳ್ಲಿಕ್ಕೆ ಹೇಳಿ. ಅತಿಥಿಗಳು ನಿಂತಿದ್ದಾರೆ.”

ಸುಗಂಧಿ ಮೆಲ್ಲಗೆ ಉತ್ತರಿಸುವ ಪೈಕಿಯಲ್ಲ. “ಎಲೆಗೆ ಉಪ್ಪು ಬಿದ್ದಾಗಿದೆ ಅಧ್ಯಕ್ಷರೇ! ಉಪ್ಪು ಬಿದ್ದ ಎಲೆ ಮುಂದಿನಿಂದ ಜನ ಎಬ್ಬಿಸುವ ಕ್ರಮ ನಿಮ್ಮ ಊರಲ್ಲಿ ಉಂಟಾ? ಉಂಟಾದ್ರೆ ಎಬ್ಬಿಸಿ. ಮೊದಲು ನನ್ನನ್ನು.”

ಕರಾವಳಿಯ ಯಾವ ಮನೆಯಲ್ಲೂ, ಶತ್ರುವೇ ಕೂತಿದ್ದರೂ, ಬಡಿಸಿದ ಎಲೆಯ ಮುಂದಿನಿಂದ ಎಬ್ಬಿಸುವುದಿಲ್ಲ. ಅದು ಲಕ್ಷ್ಮೀನಾರಾಯಣರಿಗೆ ಸುಗಂಧಿಗಿಂತ ಚೆನ್ನಾಗಿ ಗೊತ್ತು. ಸಂಸ್ಕೃತಿಯ ಬಗ್ಗೆ ವರ್ಷವರ್ಷವೂ ಭಾಷಣ ಮಾಡುವವರು ಅವರೇ. ಬಗ್ಗಿದವರು ಬಗ್ಗಿಯೇ ನಿಂತಿದ್ದರು. ನವ್ಯಾ ಮಗನನ್ನು ತನ್ನತ್ತ ಒತ್ತಿಕೊಂಡಳು.

ಆಗ ಅವರ ಹಿಂದಿನಿಂದ ಒಂದು ಧ್ವನಿ ಬಂತು. “ದಾರಿ ಬಿಡಿ ಪ್ರೆಸಿಡೆಂಟ್ರೇ. ಅನ್ನ ಬಿಸಿ ಉಂಟು.”

ರತ್ನಾಕರ! ಪಂಚೆ ಮೇಲಕ್ಕೆ ಕಟ್ಟಿ, ಸೊಂಟಕ್ಕೆ ಟವೆಲು ಬಿಗಿದು, ಅನ್ನದ ಹರಿವಾಣ ಹಿಡಿದು ನಿಂತಿದ್ದರು. ಅಧ್ಯಕ್ಷರು ಸರಿದರು. ರತ್ನಾಕರ ನೇರ ಧ್ರುವನ ಎಲೆಗೆ ಬಂದು ಮೊದಲ ಸೌಟು ಅನ್ನ ಹಾಕಿದರು. ಸುಗಂಧಿಗೆ ಎದೆ ತುಂಬಿ ಬಂತು. ಮನೆಗೆ ಹೋದ ಮೇಲೆ ಈ ಮನುಷ್ಯನಿಗೆ ಒಳ್ಳೆಯ ಕಾಫಿ ಮಾಡಿಕೊಡಬೇಕು ಎಂದುಕೊಂಡಳು. ಅತಿಥಿಗಳು, ಪಾಪ, ಹಸಿದಿದ್ದರು. ಎದುರುಸಾಲಿನಲ್ಲಿ ಖಾಲಿ ಎಲೆ ಕಂಡು ತಾವೇ ಹೋಗಿ ಕೂತರು. ಲಕ್ಷ್ಮೀನಾರಾಯಣರೂ ಅವರ ಪಕ್ಕ ಕೂರಬೇಕಾಯಿತು, ಸರಿಯಾಗಿ ಧ್ರುವನ ಎದುರಿಗೇ.

ಸಾರು ಬಂತು, ಪತ್ರೊಡೆ ಬಂತು, ಪಾಯಸ ಬಂತು. ಪಾಯಸ ಬರುವ ಹೊತ್ತಿಗೆ ಲಕ್ಷ್ಮೀನಾರಾಯಣರು ವಾಡಿಕೆಯಂತೆ ಶ್ಲೋಕ ಹೇಳಿ, ಕೊನೆಗೆ ಧ್ವನಿ ಎಳೆದು “ಗೋವಿಂದಾ…” ಎಂದು ಕೂಗಿದರು. ಒಳ್ಳೆಯ ಕಂಠ ಅವರದು. ಊಟದ ನಡುವೆ ಒಬ್ಬರು ಹಾಗೆ ಕೂಗಿದರೆ ಪಂಕ್ತಿಯೆಲ್ಲ ಓಗೊಡಬೇಕು. ಓಗೊಡದೆ ಮುಂದಿನ ತುತ್ತು ಎತ್ತುವ ಹಾಗಿಲ್ಲ. “ಗೋವಿಂದ!” ಎಂದ ಅಷ್ಟೂ ಜನರ ಕೂಗಿಗೆ ಹಾಲಿನ ಫ್ಯಾನುಗಳು ನಡುಗಿದವು.

ಧ್ರುವ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ. ಮುಖ ಕಿವುಚಿತು. ನವ್ಯಾ ಅವನನ್ನು ಬಾಚಿಕೊಂಡು ಅರ್ಧ ಎದ್ದೇಬಿಟ್ಟಳು. ಸುಗಂಧಿ ಅವಳ ದುಪಟ್ಟಾ ಹಿಡಿದು ಎಳೆದಳು. “ಏಳ್ಬೇಡ. ಕೂತ್ಕೋ.”

“ಆಂಟಿ, ಇನ್ನೇನು ಕಿರುಚ್ತಾನೆ…”

ಧ್ರುವ ಕಿರುಚಲಿಲ್ಲ. ಕಿವಿಯಿಂದ ಕೈ ನಿಧಾನವಾಗಿ ಇಳಿಯಿತು. ಅವನು ಎದುರಿನ ಲಕ್ಷ್ಮೀನಾರಾಯಣರ ಬಾಯಿಯನ್ನೇ ನೋಡುತ್ತಿದ್ದ. ಬೆನ್ನು ನೆಟ್ಟಗೆ ಮಾಡಿದ. “ಗೋವಿಂದಾ…” ಎಂದು ಕೂಗಿದ. ಅದೇ ಎಳೆತ, ಅದೇ ಗತ್ತು, ಕೊನೆಯಲ್ಲಿ ಅಧ್ಯಕ್ಷರ ಮೂಗಿನಿಂದ ಬರುವ ಆ ಸಣ್ಣ ಕಂಪನವೂ ತಪ್ಪದೆ.

ಯಾರೋ ಕಿಸಕ್ಕನೆ ನಕ್ಕರು. ನಕ್ಕದ್ದು ಅಲ್ಲಿಗೇ ನಿಂತಿತು. ಕೈಗಳೆಲ್ಲ ಎಲೆಯ ಮೇಲೆ ತಡೆದವು. ಎಲ್ಲರೂ ಅಧ್ಯಕ್ಷರ ಮುಖ ನೋಡಿದರು, ಅಧ್ಯಕ್ಷರು ಪಾಯಸ ನೋಡಿದರು. ಕೂಗಿದವರು ಯಾರಾದರೇನು? ಪಂಕ್ತಿಯಲ್ಲಿ ಕೂತವನು ಕೂಗಿದ್ದಾನೆ.

“ಗೋವಿಂದ!” ಎಂದಳು ಸುಗಂಧಿ, ಒಬ್ಬಳೇ, ಗಂಟಲು ಹರಿಯುವ ಹಾಗೆ.

“ಗೋವಿಂದ!” ಎಂದ ಮನೋಜ ಎರಡೂ ಕೈ ಎತ್ತಿ. ಖುಷಿ ಮೇಜು ಬಡಿದಳು. ಅರವಿಂದ, ವಸಂತಾ, ಅಕ್ಷಯ, ಆಮೇಲೆ ಆಚೆಯ ಸಾಲು, ಬಡಿಸುವವರು, ಬಾಗಿಲಲ್ಲಿ ಎರಡನೆಯ ಪಂಕ್ತಿಗೆ ಕಾಯುತ್ತಿದ್ದವರು, ಎಲ್ಲರೂ ಸೇರಿ ಕೂಗಿದಾಗ ಮೊದಲಿಗಿಂತ ದೊಡ್ಡ ಸದ್ದಾಯಿತು. ಈ ಸಲ ಧ್ರುವ ಕಿವಿ ಮುಚ್ಚಿಕೊಳ್ಳಲಿಲ್ಲ. ತಾನು ಕರೆದ ಸದ್ದು ತನ್ನನ್ನು ನೋಯಿಸಲಿಲ್ಲವೋ ಏನೋ, ಬಾಯಿ ತುಂಬ ನಕ್ಕ. ನಕ್ಕು ಮತ್ತೆ ಕೂಗಿದ. ಮತ್ತೆ ಎಲ್ಲರೂ ಓಗೊಟ್ಟರು. ಮತ್ತೆ ಕೂಗಿದ. ಅವನ ಜೀವನದಲ್ಲಿ ಅವನು ಆಡಿದ ಮಾತಿಗೆ ಊರಿಗೆ ಊರೇ ಉತ್ತರ ಕೊಟ್ಟದ್ದು ಅದೇ ಮೊದಲು, ಅವನು ಬಿಡುತ್ತಾನೆಯೇ? ತುತ್ತು ಬಾಯಿಗೆ ಹೋಗುವುದರೊಳಗೆ ಕೂಗು. ಅತಿಥಿಗಳಿಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. ಲಕ್ಷ್ಮೀನಾರಾಯಣರು ಮೊದಲೆರಡು ಸಲ ತುಟಿ ಮಾತ್ರ ಅಲ್ಲಾಡಿಸಿದರು. ಆಮೇಲೆ ಕಣ್ಣು ಮುಚ್ಚಿ, ಎಲ್ಲರ ಜೊತೆ, ಗಟ್ಟಿಯಾಗಿಯೇ ಗೋವಿಂದ ಎಂದರು. ಕ್ರಮ ಎಂದರೆ ಕ್ರಮ.

ನವ್ಯಾ ಅಳುತ್ತಿದ್ದಳು. ಆದರೆ ಈ ಅಳುವನ್ನು ಅವಳು ಮುಚ್ಚಿಕೊಳ್ಳಲಿಲ್ಲ, ಎಡಗೈಯಿಂದ ಒರೆಸುತ್ತಾ ಬಲಗೈಯಿಂದ ಉಣ್ಣುತ್ತಿದ್ದಳು.

ಮಜ್ಜಿಗೆಯೂ ಆಯಿತು. ಪಂಕ್ತಿಯಲ್ಲಿ ಹಿರಿಯರು ಏಳದೆ ಯಾರೂ ಏಳುವ ಹಾಗಿಲ್ಲ. ಲಕ್ಷ್ಮೀನಾರಾಯಣರು ಎಲೆ ಮಡಚಿ, ನೆಲಕ್ಕೆ ಕೈಯೂರಿದರು. ಈಗ ಎದ್ದರೆ ಸಮಿತಿಯ ಕೋಣೆ, ಅಲ್ಲಿಂದ ಬೀಗ. ಸುಗಂಧಿ ರಾತ್ರಿಯೆಲ್ಲ ಮನಸ್ಸಿನಲ್ಲೇ ಉರು ಹೊಡೆದ ಮಾತುಗಳನ್ನು ನಾಲಿಗೆ ತುದಿಗೆ ತಂದು, ಬಾಯಿ ತೆಗೆದಳು.

“ಸರ್, ಒಂದ್ನಿಮಿಷ. ಏಳ್ಬೇಡಿ.”

ಹೇಳಿದ್ದು ನವ್ಯಾ.

ಲಕ್ಷ್ಮೀನಾರಾಯಣರು ಊರಿದ ಕೈಯನ್ನು ಊರಿಯೇ ಇಟ್ಟರು.

“ಊಟ ಆದ್ಮೇಲೆ ಮೀಟಿಂಗ್ ಮಾಡ್ತೀರಂತಲ್ಲ, ಶನಿವಾರ ಹಾಲಿಗೆ ಬೀಗ ಹಾಕೋಕೆ. ಎಲ್ಲಾರೂ ಇಲ್ಲೇ ಇದ್ದಾರೆ, ಇಲ್ಲೇ ಮಾಡಿ.”

“ಅದು ಸಮಿತಿಯ ವಿಚಾರ ಅಮ್ಮಾ. ಆಮೇಲೆ ನಿಧಾನಕ್ಕೆ…”

“ನನ್ನ ಮಗನ ವಿಚಾರ ಸರ್ ಅದು.” ಅವಳು ಧ್ರುವನ ಬೆನ್ನಿನ ಮೇಲೆ ಕೈಯಿಟ್ಟಳು. “ಇದೇ ರೋಡಲ್ಲಿ ಅವನು ಬಿದ್ದು ಅಳ್ತಿದ್ದಾಗ ಜನ ಸಿನಿಮಾ ನೋಡೋ ಹಂಗೆ ನೋಡಿದ್ರು. ಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ಸತ್ತು ಹೋಗೋಣ ಅನ್ಸಿತ್ತು ನನಗೆ. ನಿಜವಾಗ್ಲೂ ಅನ್ಸಿತ್ತು. ಶನಿವಾರ ಅಂತ ಒಂದು ಬಂದಿದ್ದಕ್ಕೆ ಬದುಕಿದೀನಿ. ಮೊನ್ನೆ ನಿಮ್ಮ ಮೆಸೇಜ್ ನೋಡಿ ಮತ್ತೆ ಬಾಗಿಲು ಹಾಕ್ಕೊಂಡೆ, ದಡ್ಡಿ ನಾನು. ಇನ್ಮೇಲೆ ಹಾಕ್ಕೊಳ್ಳಲ್ಲ. ನೀವು ಬೇಕಾದ್ರೆ ಬೀಗ ಹಾಕಿ. ಶನಿವಾರ ನಾವು ಬಂದೇ ಬರ್ತೀವಿ. ಹೊರಗಡೆ ಫುಟ್‌ಪಾತ್ ಮೇಲೆ, ನಿಮ್ಮ ಬಳಗದ ಬೋರ್ಡ್ ಕೆಳಗೇ ಚಾಪೆ ಹಾಸ್ಕೊಂಡು ಕೂತ್ಕೋತೀವಿ. ಮಕ್ಕಳು ಕಿರುಚ್ತಾರೆ, ಹಾಡ್ತಾರೆ, ಅಳ್ತಾರೆ. ಇಡೀ ಲೇಕ್ ಮಾರ್ಕೆಟ್ ನೋಡ್ಲಿ.”

“ಚಾಪೆ ನಾನು ತರ್ತೇನೆ” ಎಂದರು ರತ್ನಾಕರ, ಮಜ್ಜಿಗೆಯ ಬಕೆಟ್ಟು ಹಿಡಿದುಕೊಂಡೇ.

ಲಕ್ಷ್ಮೀನಾರಾಯಣರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಅವರ ಸಮಿತಿಯವರೆಲ್ಲ ತಮ್ಮ ತಮ್ಮ ಎಲೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು. “ಬೀಗದ ಮಾತು ಯಾರು ಹೇಳಿದ್ದು?” ಎಂದರು ಕೊನೆಗೆ, ಆಶ್ಚರ್ಯಪಟ್ಟವರ ಹಾಗೆ. “ಹಾಗೆಂತದ್ದೂ ಇಲ್ಲಪ್ಪ. ಶನಿವಾರ ಯಾವಾಗಿನ ಹಾಗೆ ಬನ್ನಿ.”

ಸುಗಂಧಿಗೆ ಕೂಗಾಡಲು ಇನ್ನೇನೂ ಉಳಿದಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡು ಪಕ್ಕದ ಹುಡುಗಿಯನ್ನು ನೋಡಿದಳು. ನವ್ಯಾ ಮಗನ ಮೂತಿಗೆ ಅಂಟಿದ ಪಾಯಸ ಒರೆಸಿ, ಎಲೆ ಮಡಚಿಟ್ಟು, ಅಧ್ಯಕ್ಷರತ್ತ ತಲೆ ಎತ್ತಿದಳು.

“ಸರಿ ಸರ್. ಈಗ ಏಳಿ, ನಾವೂ ಏಳ್ತೀವಿ.”